ಗೊಗ್ಗರನ ನಲವತ್ತು ಸೆಕೆಂಡು

"ಇವನು ಹಾಡೋದು ಯಾವಾಗ?"

ಅವನು ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಗೆ ಅಂಟಿಸಿದ ಕಪ್ಪು ಸ್ಪಂಜು ಮಾತನ್ನು ಹೀರಿಕೊಂಡು ಸುಮ್ಮನಾಯಿತು. ಹದಿನೆಂಟು ವರ್ಷಗಳಲ್ಲಿ ಈ ಕೋಣೆ ಅವನಿಗೆ ಒಂದು ಮಾತನ್ನೂ ಹಿಂದಿರುಗಿಸಿಲ್ಲ.

ಹೆಡ್‌ಫೋನಿನಲ್ಲಿ ಗೊಗ್ಗರ ಉಗುಳು ನುಂಗಿದ. ತುಟಿ ಬಿಟ್ಟುಕೊಂಡ ಸದ್ದು. ನಾಲಿಗೆ ಅಂಟಿ ಕಿತ್ತು ಬಂದ ಸದ್ದು. ಮೂಗಿನೊಳಗೆ ಏನೋ ಒದ್ದೆಯಾದದ್ದು ಜರುಗಿ ಇನ್ನೊಂದು ಕಡೆ ಕೂತ ಸದ್ದು. ಆಮೇಲೆ ಉದ್ದನೆಯ ಒಂದು ಉಸಿರು. ಹಾಡು ಇನ್ನೂ ಶುರುವಾಗಿರಲಿಲ್ಲ. ಅದನ್ನು ಮುದ್ರಿಸಿದ ಸಭಾಂಗಣದಲ್ಲಿ ಯಾರೋ ಆಗಲೇ ಅಳುತ್ತಿದ್ದರು.

ಗೊಗ್ಗರ ಎಂಬುದು ಆ ಗಾಯಕನನ್ನು ಸಹಿಸದವರು ಇಟ್ಟ ಹೆಸರು. ಅಷ್ಟು ಒಡೆದ ಗಂಟಲು. ಅಭಿಮಾನಿಗಳು ಅದನ್ನೇ ಎತ್ತಿಕೊಂಡು ಅಂಗಿಗಳ ಮೇಲೆ ಅಚ್ಚು ಹಾಕಿಸಿಕೊಂಡರು. ಒಂದು ಗಿಟಾರು, ಹಿಂದೆ ಒಂದು ಡ್ರಮ್ಮು, ಮುಂದೆ ಈ ಗಂಟಲು, ಅಷ್ಟೇ. ದೊಡ್ಡ ಕಂಪನಿಗಳು ಮುಟ್ಟಿರಲಿಲ್ಲ, ರೇಡಿಯೋ ಹಾಕುತ್ತಿರಲಿಲ್ಲ. ಆದರೂ ಗೊಗ್ಗರ ಹಾಡುವ ಹಳೆಯ ಗೋದಾಮುಗಳ ಮುಂದೆ ಮಧ್ಯಾಹ್ನದಿಂದಲೇ ಸಾಲು. ಒಮ್ಮೆ ವೇದಿಕೆಯಿಂದ ಮೂಗು ಒರೆಸಿ ಎಸೆದ ಕರವಸ್ತ್ರಕ್ಕೆ ಇಬ್ಬರು ಹೊಡೆದಾಡಿ ಒಬ್ಬನ ಹಲ್ಲು ಹೋಗಿತ್ತು. ಹಲ್ಲು ಕೊಟ್ಟು ಗೆದ್ದವನು ಆ ಕರವಸ್ತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಫೋಟೋ ಹಂಚಿದ್ದ. ಅದನ್ನು ನೋಡಿದ ದಿನ, ಈಗ ಹೆಡ್‌ಫೋನು ಹಾಕಿ ಕೂತವನಿಗೆ ಊಟ ಸೇರಿರಲಿಲ್ಲ.

ಅವನ ಕೆಲಸ ಮುದ್ರಿಸಿ ತಂದ ದನಿ ತೊಳೆಯುವುದು. ಭಾಷಣಕಾರರ ತೇಗು, ಪಾಠ ಓದುವ ಮೇಷ್ಟರ ಕಫ, ಪದ್ಯ ವಾಚಿಸುವವರ ಏದುಸಿರು, ಎಲ್ಲವನ್ನೂ ಗುರುತು ಹಿಡಿದು ಕತ್ತರಿಸಿ ತೆಗೆಯುತ್ತಿದ್ದ. ಕಚೇರಿಯಲ್ಲಿ ಅವನ ಹೆಸರೇ ಕತ್ತರಿ. ಸಾವಿರ ಸದ್ದುಗಳ ನಡುವೆ ಒಂದು ಸದ್ದು ಯಾವುದರದ್ದು ಎಂದು ಹೇಳಬಲ್ಲ ಕಿವಿ ಅವನದು. ಮನೆಯಲ್ಲಿ ಬೆಳಗಿನ ಹೊತ್ತು ತಾಯಿಯ ಕೋಣೆಯಿಂದ ಬರುವ ಒಣ ಸರಸರವನ್ನೂ ಅವನು ಗುರುತಿಸಿಟ್ಟಿದ್ದ: ಬಿಸ್ಕತ್ತಿನ ಡಬ್ಬಿ, ಒಳಗೆ ಒಣಗಿದ ಔಷಧಿಯ ಎಲೆ. ಹೋಗಿ ನೋಡುವ ಅಗತ್ಯ ಬಿದ್ದಿರಲಿಲ್ಲ.

ಬೆಳಗ್ಗೆ ಯಜಮಾನರು ಬಾಗಿಲನ್ನು ಅರ್ಧ ತೆರೆದು ನಿಂತು ಹೇಳಿ ಹೋಗಿದ್ದರು.

"ಫ್ಯಾನಿನ ಗೊರಗೊರ ತೆಗೀರಿ. ಅಷ್ಟೇ. ಉಸಿರಿಗೆ ಕೈ ಹಾಕಬೇಡಿ."

"ತುಂಬಾ ಕೊಳಕಾಗಿದೆ ಸಾರ್."

"ಕೊಳಕೇ ಬೇಕಂತೆ ಜನಕ್ಕೆ. ತೊಳೆದು ಕೊಟ್ರೆ ವಾಪಸ್ ತಂದು ಮುಖಕ್ಕೆ ಎಸೀತಾರೆ."

"ನೀವು ಕೇಳ್ತೀರಾ ಇದನ್ನ?"

"ನಾನು ಮಾರ್ತೀನಿ," ಎಂದು ಅವರು ಬಾಗಿಲು ಎಳೆದುಕೊಂಡರು. ಮತ್ತೆ ತೆರೆದು, "ಮಧ್ಯಾಹ್ನ ಆತನೇ ಬಂದು ಕೇಳ್ತಾನಂತೆ. ಸ್ವಲ್ಪ ನಗ್ತಾ ಇರಿ," ಎಂದರು.

ಮೊದಲ ಮೂರು ಹಾಡುಗಳನ್ನು ಅವನು ಹಲ್ಲು ಕಚ್ಚಿಕೊಂಡು ಮುಗಿಸಿದ. ಕಿವಿಯೊಳಗೆ ಬೇರೊಬ್ಬನ ಬಾಯಿ ಇತ್ತು. ಪ್ರತಿ ಸಾಲಿನ ಮುಂದೆ ಒದ್ದೆ ಉಸಿರು, ಪ್ರತಿ ಸಾಲಿನ ಕೊನೆಗೆ ನುಂಗು. ಒಂದೆರಡು ಸಲ ಅವನು ತನ್ನ ಕಿವಿಯನ್ನೇ ಬೆರಳಿನಿಂದ ಒರೆಸಿಕೊಂಡ. ಬೆರಳು ಒಣಗಿಯೇ ಇತ್ತು.

ನಾಲ್ಕನೆಯ ಹಾಡಿನ ಹೊತ್ತಿಗೆ ಮುಖಪುಟಗಳ ಚಿತ್ರ ಬಿಡಿಸುವಾಕೆ ಎರಡು ಮಾದರಿ ಹಿಡಿದು ಬಂದಳು. ನಲವತ್ತು ದಾಟಿದ, ಕೆಲಸದಲ್ಲಿ ಒಂದು ಗೆರೆಯೂ ಆಚೀಚೆ ಹೋಗದ ಹೆಂಗಸು. ಅವಳ ಬಗ್ಗೆ ಅವನಿಗೆ ಗೌರವವಿತ್ತು.

"ನಲವತ್ತು ಸೆಕೆಂಡು ಬಂತಾ?"

"ಯಾವುದು?"

"ಇದೇ ಹಾಡು. ಮಧ್ಯದಲ್ಲಿ ನಿಂತುಬಿಡ್ತಾನೆ. ಗಿಟಾರೂ ನಿಲ್ಲತ್ತೆ, ಡ್ರಮ್ಮೂ ನಿಲ್ಲತ್ತೆ. ಬರೀ ಉಸಿರಾಡ್ತಾನೆ. ನಾನು ಅಲ್ಲೇ ಇದ್ದೆ, ಮೂರನೇ ಸಾಲು."

"ಹಾಡಿನ ಸಾಲು ಮರೆತಿರಬೇಕು."

"ಇರಬಹುದು. ನಮ್ಮನೆಯವರು ಎದ್ದು ಹೊರಗೆ ಹೋದ್ರು. ವಾಂತಿ ಬರತ್ತೆ ಅಂದ್ರು."

"ಅವರೇ ಸರಿ."

"ಅವರು ಸರೀನೇ," ಎಂದಳು. ಮಾದರಿಗಳನ್ನು ಮೇಜಿನ ಅಂಚಿಗೆ ಸಮವಾಗಿ ಜೋಡಿಸಿದಳು. "ಸರಿ ಇರೋರ ಜೊತೆ ಹತ್ತೊಂಬತ್ತು ವರ್ಷದಿಂದ ಇದೀನಿ."

ಅವಳು ಹೋದ ಮೇಲೆ ಅವನು ಆ ಜಾಗವನ್ನು ಕೇಳಿದ. ಪರದೆಯ ಮೇಲೆ ದನಿಯ ಅಲೆ ಕುಗ್ಗಿ, ಹುಳುಗಳ ಹಾಗೆ ಸಣ್ಣ ಸಣ್ಣ ಉಬ್ಬುಗಳಾಯಿತು. ಎಳೆದುಕೊಂಡ ಉಸಿರು. ಅರ್ಧಕ್ಕೆ ಸಿಕ್ಕಿಕೊಂಡದ್ದು. ಎದೆಯೊಳಗಿನ ಸಣ್ಣ ಸಿಳ್ಳೆ. ಸಾವಿರ ಜನ ಮುಚ್ಚಿದ ಬಾಯಿಯಲ್ಲಿ ಕಾಯುತ್ತಿದ್ದರು. ಒಬ್ಬ ಮನುಷ್ಯ ಬಟ್ಟೆ ಬದಲಾಯಿಸುವುದನ್ನು ಬಾಗಿಲ ಸಂದಿಯಿಂದ ನೋಡಿದ ಹಾಗಾಯಿತು ಅವನಿಗೆ.

ಅವನ ಕೈ ತನ್ನ ಪಾಡಿಗೆ ತಾನು ಹೋಯಿತು. ಇಲ್ಲಿಂದ ಇಲ್ಲಿಯವರೆಗೆ. ಒತ್ತಿದ್ದು ಒಂದು ಗುಂಡಿ. ನಲವತ್ತು ಸೆಕೆಂಡು ಮಾಯವಾಗಿ, ಮುಂದಿನ ಸಾಲು ಹಿಂದಿನ ಸಾಲಿನ ಬೆನ್ನಿಗೆ ಬಂದು ಅಂಟಿತು. ಎಲ್ಲಿ ಜೋಡಿಸಿದ್ದೆಂದು ಅವನಿಗೇ ಕೇಳಿಸಲಿಲ್ಲ.

ಅಭ್ಯಾಸಬಲ ಎಂದುಕೊಂಡ.

ಅಭ್ಯಾಸ ಹಳೆಯದು. ತಂದೆ ಪದ್ಯ ಓದುವವರು. ದಿನವೂ ಬೆಳಕು ಹರಿಯುವ ಮುಂಚೆ ಹಳೆಯ ಕಾವ್ಯ ತೆರೆದು ಕೂತರೆ ಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರಲಿಲ್ಲ. ಅವನು ಎದುರಿಗೆ ಮೊಣಕಾಲು ಮಡಚಿ ಕೂರುತ್ತಿದ್ದ. ಕೆಮ್ಮು ಬಂದರೆ ನುಂಗಬೇಕು. ಪದ್ಯ ಮೇಲಿನಿಂದ ಬರತ್ತೆ, ಉಸಿರು ಹೊಟ್ಟೆಯಿಂದ ಬರತ್ತೆ, ಎರಡನ್ನೂ ಬೆರೆಸಬಾರದು ಎಂದು ತಂದೆ ಒಮ್ಮೆ ಹೇಳಿದ್ದರು. ಅವನಿಗಾಗ ಎಂಟು ವರ್ಷ. ದೇವರನ್ನು ಅವನು ನೋಡಿದ್ದು ಕಿವಿಯಿಂದ, ಆ ನಸುಕುಗಳಲ್ಲಿ.

ಇಪ್ಪತ್ತನಾಲ್ಕು ತುಂಬಿ, ಟೇಪು ಕೊಯ್ಯುವ ಕೆಲಸ ಕಲಿತ ವರ್ಷ, ಯಂತ್ರವನ್ನು ಮನೆಗೆ ತಂದು ತಂದೆಯ ಓದನ್ನು ಪೂರ್ತಿ ಹಿಡಿದಿಟ್ಟ. ಆಮೇಲೆ ಬ್ಲೇಡು ತೆಗೆದುಕೊಂಡ. ಟೇಪನ್ನು ಓರೆಯಾಗಿ ಕೊಯ್ಯಬೇಕು. ನೇರ ಕೊಯ್ದರೆ ಜೋಡಿಸಿದ ಜಾಗ ಟಿಕ್ ಎನ್ನುತ್ತದೆ. ಮೂರು ತಿಂಗಳು ಅವನು ಓರೆಯಾಗಿ ಕೊಯ್ದ. ಪ್ರತಿ ಸಾಲಿನ ಮುಂದಿನ ಉಸಿರು, ಪ್ರತಿ ಕೆಮ್ಮು, ಗಂಟಲು ಸರಿಮಾಡಿಕೊಂಡದ್ದು, ಪುಟ ತಿರುವಲು ಬೆರಳು ನೆಕ್ಕಿದ್ದು. ಕಂದು ಬಣ್ಣದ ಚೂರುಗಳು ನೆಲದ ಮೇಲೆ ಬಿದ್ದಿರುತ್ತಿದ್ದವು. ತಾಯಿ ಗುಡಿಸುತ್ತಿದ್ದಳು. ನಕಲು ತೆಗೆದು ನಕಲನ್ನು ಕೊಯ್ಯಬಹುದಿತ್ತು. ನಕಲಿನಲ್ಲಿ ದನಿ ಮಾಸುತ್ತದೆ. ತಂದೆಗೆ ಮಾಸಿದ್ದನ್ನು ಕೊಡಲು ಮನಸ್ಸು ಬರಲಿಲ್ಲ. ಮೂಲವನ್ನೇ ಕೊಯ್ದ.

ಮುಗಿದ ದಿನ ತಂದೆಯನ್ನು ಕೂರಿಸಿ ಕೇಳಿಸಿದ. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಯಾರು ಓದಿದ್ದಪ್ಪ ಇದು?" ಎಂದರು.

ಅದಕ್ಕಿಂತ ದೊಡ್ಡ ಹೊಗಳಿಕೆ ಅವನಿಗೆ ಜೀವನದಲ್ಲಿ ಸಿಕ್ಕಿಲ್ಲ. ತಂದೆ ಮತ್ತೆಂದೂ ಆ ಟೇಪು ಹಾಕಿಸಲಿಲ್ಲ. ಅದು ಅವರ ವಿನಯ ಎಂದುಕೊಂಡ. ಅದರಿಂದ ಮಾಡಿದ ಕ್ಯಾಸೆಟ್ಟು ಸಾವಿರಾರು ಮನೆಗಳಿಗೆ ಹೋಯಿತು. ತಂದೆ ಹೋಗಿ ಇಪ್ಪತ್ತಾರು ವರ್ಷ.

ಗೊಗ್ಗರ ಎರಡು ಗಂಟೆಗೆ ಬಂದ.

ಕೊಳೆ ಅಂಗಿ, ಬೆವರು, ಹೆಂಡದ ವಾಸನೆಗೆ ಅವನು ಸಿದ್ಧನಾಗಿದ್ದ. ಬಂದದ್ದು ಇಸ್ತ್ರಿ ಮಾಡಿದ ಅಂಗಿಯನ್ನು ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡ, ಸಣ್ಣ ಮೈಕಟ್ಟಿನ, ಬ್ಯಾಂಕಿನಲ್ಲಿ ಕೌಂಟರಿನ ಆಚೆ ಕೂತಿರಬಹುದಾದಂಥ ಮನುಷ್ಯ. ಸಾಬೂನಿನ ವಾಸನೆ ಬರುತ್ತಿತ್ತು. ಇದು ಇನ್ನೂ ಹೇಸಿಗೆ ಅನಿಸಿತು ಅವನಿಗೆ. ಕೊಳಕನ್ನು ಎಲ್ಲೋ ಬಚ್ಚಿಟ್ಟುಕೊಂಡು ಬಂದಿದ್ದಾನೆ.

"ಕೂತ್ಕೋಬಹುದಾ?" ಮಾತಿಗೂ ಅದೇ ಒಡಕು.

ಅವನು ನಗಲು ನೋಡಿದ. ಹೆಡ್‌ಫೋನು ಕೊಟ್ಟ.

ಗೊಗ್ಗರ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಬಂದವನ ಹಾಗೆ ಕೇಳಿದ. ಮೂರು ಹಾಡು ಮುಗಿದವು. ನಾಲ್ಕನೆಯದರ ನಡುವೆ ಕಣ್ಣು ತೆರೆದ.

"ಇಲ್ಲಿ ನಾನಿದ್ದೆ."

"ಒಂದು ಜಾಗ ಖಾಲಿ ಇತ್ತು. ತೆಗೆದೆ."

"ಖಾಲಿ ಇರಲಿಲ್ಲ."

"ಸಾಲು ಮರೆತದ್ದು ಕೇಳೋರಿಗೆ ಗೊತ್ತಾಗಬಾರದು ಅಂತ..."

"ಮರೆತಿರಲಿಲ್ಲ. ಉಸಿರು ಸಿಕ್ಕಲಿಲ್ಲ. ಕಾಯ್ತಿದ್ದೆ." ಬೇಜಾರಿಲ್ಲದೆ ಹೇಳಿದ. "ವಾಪಸ್ ಬರತ್ತಾ?"

ಬರುತ್ತದೆ. ಒಂದು ಗುಂಡಿ. ಸಣ್ಣ ಹುಳುಗಳೆಲ್ಲ ಪರದೆಯ ಮೇಲೆ ತಮ್ಮ ಜಾಗಕ್ಕೆ ಹಿಂದಿರುಗಿದವು. ಅಷ್ಟು ಸುಲಭವಾಗಿ ಹಿಂದಿರುಗಿದ್ದನ್ನು ಕಂಡು ಅವನಿಗೆ ಕಾರಣವಿಲ್ಲದೆ ಸಿಟ್ಟು ಬಂತು.

ಗೊಗ್ಗರ ಪೂರ್ತಿ ಕೇಳಿ ಎದ್ದ. ಬಾಗಿಲ ಹತ್ತಿರ ನಿಂತ.

"ಪದ್ಯದ ಕ್ಯಾಸೆಟ್ ಮಾಡಿದ್ದು ನೀವೇ ಅಂತೆ. ಯಜಮಾನರು ಹೇಳಿದ್ರು."

"ಓದಿದ್ದು ನಮ್ಮ ತಂದೆಯವರು." ಅವನ ದನಿ ಮೆತ್ತಗಾಯಿತು. ಇಂಥವನಿಗೂ ಅದು ತಲುಪಿದೆ.

"ನಮ್ಮಮ್ಮ ದಿನಾ ಹಾಕೋರು. ನನಗೆ ಏಳು ವರ್ಷ. ನೆಲದ ಮೇಲೆ ಕೂತು ಕೇಳಬೇಕು, ಅಲ್ಲಾಡೋ ಹಾಗಿಲ್ಲ. ಇವರು ಈಗ ಉಸಿರು ತಗೋತಾರೆ, ಈಗ ತಗೋತಾರೆ ಅಂತ ಕಾಯೋನು. ಅವರು ತಗೊಳ್ಳೋವರೆಗೂ ನಾನೂ ತಗೋಬಾರದು ಅಂತ ನನ್ನ ಲೆಕ್ಕ. ಒಂದಿನ ಬಿದ್ದುಬಿಟ್ಟೆ."

"ಎಲ್ಲಿ?"

"ಅಲ್ಲೇ. ಅಮ್ಮ ಮುಖಕ್ಕೆ ನೀರು ಚಿಮುಕಿಸಿದ್ರು." ನಕ್ಕ. ನಗುವಿನ ಕೊನೆಗೆ ಸಣ್ಣ ಸಿಳ್ಳೆ ಬಂತು. "ಎದ್ದ ಮೇಲೆ ಕೇಳಿದೆ, ಇವರು ಬದುಕಿದಾರಾ ಅಂತ."

"ಏನಂದ್ರು?"

"ಬದುಕಿದಾರಲ್ಲೋ, ಊರಲ್ಲೇ ಇದಾರೆ ಅಂದ್ರು. ನನಗೆ ನಂಬಿಕೆ ಬರಲಿಲ್ಲ." ಬಾಗಿಲು ತೆರೆದ. "ಆವತ್ತಿಂದ ನಾನು ಸ್ವಲ್ಪ ಜೋರಾಗೇ ಉಸಿರಾಡ್ತೀನಿ. ಸ್ಕೂಲಲ್ಲಿ ಮೇಷ್ಟ್ರು ಬೈಯೋರು."

ಬಾಗಿಲು ಮುಚ್ಚಿತು. ಸ್ಪಂಜು ಹೆಜ್ಜೆ ಸದ್ದನ್ನೂ ನುಂಗಿತು.

ಹೆಡ್‌ಫೋನಿನ ಮೆತ್ತೆ ಇನ್ನೂ ಬೆಚ್ಚಗಿತ್ತು. ಅವನು ಸ್ಪಿರಿಟ್ಟು ಹಚ್ಚಿದ ಹತ್ತಿಯಿಂದ ಅದನ್ನು ಒರೆಸಿದ. ಮತ್ತೊಮ್ಮೆ ಒರೆಸಿದ. ಬೆರಳ ಸಂದಿಗಳನ್ನೂ ಒರೆಸಿಕೊಂಡ. ಆಮೇಲೆ, ತೊಳೆದ ಕಿವಿಯಿಂದ ಕೇಳಿದರೆ ಎಲ್ಲ ಸರಿಹೋಗುತ್ತದೆಂಬಂತೆ, ಕಂಪ್ಯೂಟರಿಗೆ ಇಳಿಸಿಟ್ಟಿದ್ದ ತಂದೆಯ ಓದನ್ನು ಹಾಕಿದ.

ಮೊದಲ ಸಾಲು ಬಂತು. ಎರಡನೆಯದು. ಮೂರನೆಯದು. ಮೂವತ್ತು ವರ್ಷದಿಂದ ಕಿವಿಯಲ್ಲಿ ತುಂಬಿಕೊಂಡಿದ್ದ ದನಿ, ಒಂದು ಕಲೆಯಿಲ್ಲ. ಅವನು ತನಗೆ ಗೊತ್ತಿಲ್ಲದೆ ಉಸಿರು ಬಿಗಿಹಿಡಿದಿದ್ದ. ಎಂಟನೆಯ ಸಾಲಿಗೆ ಕುತ್ತಿಗೆಯ ನರ ಬಡಿದುಕೊಳ್ಳತೊಡಗಿತು. ಹನ್ನೊಂದನೆಯ ಸಾಲಿಗೆ ಬಾಯಿ ತೆರೆದು ಗಾಳಿ ಎಳೆದುಕೊಂಡ. ಒದ್ದೆಯಾದ, ಅಸಹ್ಯ ಸದ್ದು. ತಂದೆ ನಿಲ್ಲಲಿಲ್ಲ. ಓದುತ್ತಲೇ ಹೋದರು.

ಯಾರು ಓದಿದ್ದಪ್ಪ ಇದು.

ಅಲೆಯನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಸಾಲು ಸಾಲಿನ ನಡುವೆ ಹುಡುಕಿದ. ಎಲ್ಲಾದರೂ ಒಂದು ಉಳಿದಿರಬೇಕು. ಆಗ ಹುಡುಗ, ಮೂರು ತಿಂಗಳ ಕೆಲಸ, ಎಲ್ಲೋ ಒಂದು ಕಡೆ ಕಣ್ಣು ತಪ್ಪಿರಬೇಕು. ಒಂದೇ ಒಂದು ಉಸಿರು ಸಿಕ್ಕಿದರೆ ಸಾಕಿತ್ತು. ಅದನ್ನು ಆ ಇಸ್ತ್ರಿ ಅಂಗಿಯವನ ಮುಂದೆ ಹಾಕಿ, ಇಗೋ ನೋಡಪ್ಪ, ಬದುಕಿದ್ದರು ಎನ್ನಬಹುದಿತ್ತು. ಐದು ಗಂಟೆಯವರೆಗೆ ಹುಡುಕಿದ. ಕಣ್ಣು ತಪ್ಪಿರಲಿಲ್ಲ. ಆ ವಯಸ್ಸಿಗೇ ಅವನು ಅಷ್ಟು ಒಳ್ಳೆಯ ಕೆಲಸಗಾರನಾಗಿದ್ದ.

ಬಸ್ಸಿನಲ್ಲಿ ಎಲ್ಲರೂ ಉಸಿರಾಡುತ್ತಿದ್ದರು. ಮುಂದಿನ ಸೀಟಿನವನ ಮೂಗು ಕಟ್ಟಿತ್ತು. ಪಕ್ಕದ ಹೆಂಗಸು ಏನನ್ನೋ ಅಗಿಯುತ್ತ ಫೋನಿನಲ್ಲಿ ಮಾತಾಡುತ್ತಿದ್ದಳು. ಕಿಟಕಿಯ ಗಾಜಿಗೆ ಯಾರದೋ ಬಾಯಿಯ ಆವಿ ಮೆತ್ತಿಕೊಂಡಿತ್ತು. ಅವನು ಎರಡು ನಿಲ್ದಾಣ ಮುಂಚೆಯೇ ಇಳಿದು ನಡೆದ.

ಮೂರನೆಯ ಮಹಡಿಯ ಮೆಟ್ಟಿಲಲ್ಲೇ ಕೇಳಿಸಿತು. ಗೊಗ್ಗರ. ತನ್ನ ಮನೆಯೊಳಗಿನಿಂದ.

ಕಾಲೇಜಿನ ಮಗಳು ಕೇಳುತ್ತಾಳೆಂಬುದು ಗೊತ್ತಿತ್ತು. ಅದಕ್ಕಾಗಿ ಮನೆಯಲ್ಲಿ ಎರಡು ವಾರ ಮಾತು ಬಿಟ್ಟದ್ದೂ ಆಗಿತ್ತು. ಆದರೆ ಸದ್ದು ಬರುತ್ತಿದ್ದದ್ದು ಮಗಳ ಕೋಣೆಯಿಂದಲ್ಲ. ತಾಯಿಯ ಕೋಣೆಯ ಬಾಗಿಲು ತೆರೆದಿತ್ತು. ತಾಯಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಮಗಳು ಅವಳ ಕಾಲ ಬಳಿ, ಫೋನು ಹಾಸಿಗೆಯ ಮೇಲೆ. ಸಂಜೆಯ ಬೆಳಕು ಕಿಟಕಿಯಲ್ಲಿ ಇನ್ನೂ ಇತ್ತು.

"ಅಪ್ಪ ಬಂದ," ಎಂದಳು ಮಗಳು. ಹಾಡು ನಿಲ್ಲಿಸಲಿಲ್ಲ.

"ನೀನೂ ಕೇಳ್ತೀಯೇನಮ್ಮ ಇದನ್ನ?"

"ಮೊಮ್ಮಗಳು ಹಾಕ್ತಾಳೆ," ಎಂದಳು ತಾಯಿ.

"ಇವನಿಗೆ ಹಾಡೋಕೆ ಬರಲ್ಲ."

"ಬರಲ್ಲ," ತಾಯಿ ಕೂಡಲೇ ಒಪ್ಪಿದಳು. "ಶ್ರುತಿ ಇಲ್ಲ, ತಾಳ ಇಲ್ಲ. ಏನಂತಾನೋ ಒಂದಕ್ಷರ ತಿಳಿಯಲ್ಲ."

"ಅಜ್ಜಿ ಬೈತಾರೆ ಅವನನ್ನ," ಮಗಳು ನಕ್ಕಳು. "ಮೂಗು ಒರೆಸಿಕೊಳ್ಳೋ ಮೊದಲು ಅಂತಾರೆ."

"ಮತ್ಯಾಕೆ ಕೇಳ್ತೀಯ?"

ತಾಯಿ ಫೋನಿನ ಕಡೆ ಕೈ ತೋರಿಸಿದಳು. "ಇಲ್ಲೇ ಎಲ್ಲೋ ಕೂತಿದಾನೆ ಅನಿಸತ್ತೆ. ಬೈಬಹುದು."

ಅವಳ ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ ತೆರೆದಿತ್ತು. ಅವಳ ಬೆರಳು ಅದರೊಳಗೆ ಆಡುತ್ತಿತ್ತು. ಒಣ ಸರಸರ. ಅವನು ಹತ್ತಿರ ಹೋದ.

ಎಲೆಯಲ್ಲ. ಕಂದು ಬಣ್ಣದ ಚೂರುಗಳು. ಬೆರಳಷ್ಟು ಉದ್ದದ್ದು, ಅಂಗೈಯಷ್ಟು ಉದ್ದದ್ದು, ಉಗುರಿನಷ್ಟು ಗಿಡ್ಡದ್ದು. ಸುರುಳಿ ಸುತ್ತಿ, ಮುರುಟಿ, ಒಂದರ ಮೇಲೊಂದು ಬಿದ್ದು ಡಬ್ಬಿಯ ಮುಕ್ಕಾಲು ತುಂಬಿದ್ದವು. ಅವನು ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ. ಎರಡೂ ತುದಿ ಓರೆ. ಆ ಓರೆ ಅವನದೇ. ಬೇರೆ ಯಾರ ಕೈಯೂ ಅಷ್ಟು ನಿಖರವಾಗಿ ಕೊಯ್ಯುತ್ತಿರಲಿಲ್ಲ.

"ಇದು..."

"ನೀನು ಕೊಯ್ದು ಬಿಸಾಕ್ತಿದ್ದದ್ದು. ಗುಡಿಸೋವಾಗ ಎತ್ತಿಡ್ತಿದ್ದೆ."

"ಯಾಕೆ?"

"ಅವರದ್ದು. ಕಸಕ್ಕೆ ಹಾಕೋಕಾಗತ್ತಾ?"

"ಹೇಳಲೇ ಇಲ್ಲವಲ್ಲಮ್ಮ."

"ನೀನು ಕೇಳಲಿಲ್ಲ."

ಎಲ್ಲ ಇಲ್ಲಿತ್ತು. ಗೋಡೆಯ ಆಚೆ, ತಾನು ಮಲಗುವ ಮಂಚದಿಂದ ನಾಲ್ಕು ಅಡಿ ದೂರದಲ್ಲಿ, ಮೂವತ್ತು ವರ್ಷದಿಂದ. ದಿನಾ ಬೆಳಗ್ಗೆ ಕೇಳಿಸಿಕೊಂಡಿದ್ದ.

"ಕೊಡಮ್ಮ ಇದನ್ನ. ಜೋಡಿಸ್ತೀನಿ," ಎಂದ. ಮಾತು ಬೇಗ ಬೇಗ ಬಂತು. "ಹಳೇ ಯಂತ್ರ ಕಚೇರಿಯಲ್ಲಿ ಇನ್ನೂ ಇದೆ. ಒಂದೊಂದನ್ನೇ ಹಾಕಿ ಕೇಳಿದರೆ ಯಾವ ಸಾಲಿನ ಮುಂದಿನದು ಅಂತ ನನಗೆ ಗೊತ್ತಾಗತ್ತೆ. ಎರಡು ತಿಂಗಳು ಸಾಕು. ಅಪ್ಪ ಓದಿದ ಹಾಗೇ ಮಾಡಿಕೊಡ್ತೀನಿ. ಕೆಮ್ಮು, ಕಫ, ಅದೆಲ್ಲ ಬೇಕಾಗಿಲ್ಲ, ಅದನ್ನ ಬೇರೆ ತೆಗೆದುಬಿಟ್ಟು, ಚೆನ್ನಾಗಿರೋ ಉಸಿರು ಮಾತ್ರ ಆರಿಸಿ..."

ಮಗಳು ತಲೆ ಎತ್ತಿ ನೋಡಿದಳು.

ಅವನು ನಿಲ್ಲಿಸಿದ. ಫೋನಿನಲ್ಲಿ ಗಿಟಾರು ನಿಂತಿತ್ತು. ಡ್ರಮ್ಮು ನಿಂತಿತ್ತು. ಆ ದಿನ ಸಭಾಂಗಣದಲ್ಲಿ ಯಾರೋ ಫೋನಿನಲ್ಲಿ ಕದ್ದು ಹಿಡಿದಿಟ್ಟದ್ದು. ಬೆಳಗ್ಗೆ ಅವನು ಅಳಿಸಿದ ಜಾಗವೇ. ಗೊಗ್ಗರ ಉಸಿರು ಎಳೆದುಕೊಂಡ. ಅರ್ಧಕ್ಕೆ ಸಿಕ್ಕಿಕೊಂಡಿತು. ತಾಯಿಯ ಎದೆ ಏರಿತು, ಇಳಿಯಿತು. ಅವಳ ಮೂಗಿನಲ್ಲಿ ಸಣ್ಣ ಸಿಳ್ಳೆಯಿತ್ತು. ಅದನ್ನು ಅವನು ಇಂದಿನವರೆಗೆ ಕೇಳಿಸಿಕೊಂಡಿರಲಿಲ್ಲ, ಅಥವಾ ಕೇಳಿದ ಕೂಡಲೇ ತೆಗೆದುಹಾಕಿದ್ದ.

"ಎಲ್ಲ ಬೇಡ," ಎಂದ. "ಒಂದು ಕೊಡು. ಇದೊಂದು."

ಅವನ ಅಂಗೈ ಬೆವರಿತ್ತು. ಕಂದು ಚೂರು ಜಿಗಣೆಯ ಹಾಗೆ ಚರ್ಮಕ್ಕೆ ಅಂಟಿಕೊಂಡಿತ್ತು. ಅದು ಉಸಿರೋ ಕೆಮ್ಮೋ ಬೆರಳು ನೆಕ್ಕಿದ್ದೋ ನೋಡಿ ಹೇಳುವ ಹಾಗಿರಲಿಲ್ಲ. ತಾಯಿ ಅವನ ಕೈ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ಎರಡು ಉಗುರುಗಳ ನಡುವೆ ಅದರ ಓರೆ ತುದಿಯನ್ನು ಹಿಡಿದು, ಹರಿಯದ ಹಾಗೆ, ನಿಧಾನವಾಗಿ ಕಿತ್ತು, ಸೆರಗಿಗೆ ಒರೆಸಿ, ಡಬ್ಬಿಯೊಳಗೆ ಬಿಟ್ಟು ಮುಚ್ಚಳ ಒತ್ತಿದಳು.

"ಕೊಡಲ್ಲ," ಎಂದಳು.